ರಾಮಭಟ್ಟರ ಬಾವಿ

ಇಂಗ್ಲಿಷ್ ಮೇಷ್ಟ್ರುಗಳನ್ನು ದುಭಾಷಿ ಕೆಲಸಕ್ಕೆ ಕರೆಯಬಾರದು. ತಪ್ಪು ತಿದ್ದುವುದೇ ಹೊಟ್ಟೆಪಾಡಾದವರಿಗೆ ಯಾವ ತಪ್ಪನ್ನು ಹಾಗೇ ಬಿಡಬೇಕೆಂಬುದು ತಿಳಿಯುವುದಿಲ್ಲ. ಸಾಗರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು ಹೋಟೆಲಿಗೆ ಹೋದರೂ ಮೊದಲು ನೋಡುವುದು ತಿಂಡಿ ಬೋರ್ಡಿನ ಸ್ಪೆಲಿಂಗ್, ದೋಸೆ ಆಮೇಲೆ. “ನಿಂಗ್ಳ ಜೊತೆ ಮದುವೆಮನೆಗೆ ಬಪ್ಪಲೂ ಹೆದರಿಕೆ, ಉಡುಗೊರೆ ಬದಲು ಲಗ್ನಪತ್ರಿಕೆ ತಿದ್ದಿ ಕೊಡ್ತಿ” ಎನ್ನುತ್ತಾಳೆ ಹೆಂಡತಿ.

ಹೊಸನಗರ ರಸ್ತೆಯಲ್ಲಿ ನಮ್ಮ ಗಣಪತಿ ಚಿಕ್ಕಪ್ಪನ ಮನೆಯೆದುರು ಒಂದು ಕಲ್ಲುಕಟ್ಟಿನ ಬಾವಿಯಿದೆ. ಅದು ರಾಮಭಟ್ಟರ ಬಾವಿ. ಹಾಗಾಗಿ ಅಲ್ಲಿನ ಬಸ್ ಸ್ಟಾಪು ರಾಮಭಟ್ಟರ ಸ್ಟಾಪು, ಪಕ್ಕದ ಇಳಿಜಾರು ರಾಮಭಟ್ಟರ ಇಳಿಜಾರು, ವಾಲಿಬಾಲ್ ಆಡುವವರದ್ದು ಶ್ರೀ ರಾಮಭಟ್ಟ ಯುವಕ ಸಂಘ. ನಾವೂ ಭಟ್ಟರೇ. ಬಾವಿ ತೋಡಿಸಿದ ಪುಣ್ಯಾತ್ಮ ನಮ್ಮದೇ ಮುತ್ತಜ್ಜನ ಅಪ್ಪ ಎಂದು ಚಿಕ್ಕಪ್ಪ ನಂಬಿದ್ದರು. ದಿನವೂ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಒಂದು ದಾಸವಾಳ ಇಡುತ್ತಿದ್ದರು. ತೀರ್ಥಹಳ್ಳಿ ಬಸ್ಸಿಗೆ ಕಾದು ನಿಂತವರಿಗೆಲ್ಲ ಕತೆ ಹೇಳುತ್ತಿದ್ದರು: ದಾರಿಹೋಕರ ಬಾಯಾರಿಕೆ ನೋಡಲಾರದೆ ರಾಮಭಟ್ಟರು ಹೆಂಡತಿಯ ಬಳೆ ಮಾರಿ ಬಾವಿ ತೋಡಿಸಿದರಂತೆ. ನಾನು ಚಿಕ್ಕವನಿದ್ದಾಗ ಬರಿಯ ಬಳೆಯಿತ್ತು. ಈಚೆಗೆ ಸೊಂಟದ ಡಾಬೂ ಸೇರಿಕೊಂಡಿತ್ತು. ಬಸ್ಸು ತಡವಾದಷ್ಟೂ ಅಜ್ಜನ ತ್ಯಾಗ ದೊಡ್ಡದಾಗುತ್ತಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ಇಂಗ್ಲೆಂಡಿನ ಮುದುಕರೊಬ್ಬರು ಇಕ್ಕೇರಿ ನೋಡಿಕೊಂಡು ಟ್ಯಾಕ್ಸಿಯಲ್ಲಿ ಬಂದಿಳಿದರು. ಹೆಸರು ರಾಮ್ಸ್‌ಬಾಟಮ್. ಕೈಯಲ್ಲಿ ಒಂದು ಹಳೆಯ ಫೋಟೊ. ಅದರಲ್ಲಿ ಇದೇ ಬಾವಿ, ಇದೇ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಒಂದು ಬೂಟುಗಾಲಿಟ್ಟು ನಿಂತ ಟೋಪಿಯ ದೊರೆ. ಈ ರಸ್ತೆ ಮಾಡಿಸಿದ ಎಂಜಿನಿಯರು ತಮ್ಮ ಮುತ್ತಜ್ಜ, ಕೂಲಿಯವರಿಗೆಂದು ಬಾವಿ ತೋಡಿಸಿದವರೂ ಅವರೇ ಎಂದರು. ರಾಮ್ಸ್‌ಬಾಟಮ್ ನಮ್ಮವರ ನಾಲಿಗೆಯಲ್ಲಿ ಹೊರಳಿ ಹೊರಳಿ ರಾಮಭಟ್ಟರಾದದ್ದು ನನಗೆ ಅಲ್ಲೇ ಹೊಳೆಯಿತು.

“ಅಂವ ಎಂತ ಹೇಳ್ತ?” ಎಂದರು ಚಿಕ್ಕಪ್ಪ.

ಬಾವಿ ನೋಡಲು ಬಂದಿದ್ದಾರೆ ಎಂದಿದ್ದರೆ ಸಾಕಿತ್ತು. ನಾನು ಪಾಠವನ್ನೇ ಮಾಡಿದೆ. ಹೆಸರನ್ನು ಬಿಡಿಸಿ ಬಿಡಿಸಿ, ಯಾವ ಅಕ್ಷರ ಎಲ್ಲಿ ಉದುರಿತೆಂದು ವಿವರಿಸಿದೆ. ಚಿಕ್ಕಪ್ಪ ಫೋಟೊ ದೂರ ಹಿಡಿದು ನೋಡಿದರು.

“ಹಂಗಾರೆ ಬಳೆ ಮಾರಿದ್ದು?”

“ಸರ್ಕಾರದ ದುಡ್ಡು, ಚಿಕ್ಕಪ್ಪ” ಎಂದೆ.

ಅವರು ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಮುದುಕರಿಗೆ ಮರಳಿಸಿದರು. “ಬಂದವಕ್ಕೆ ಆಸ್ರಿಗೆ ಎಂತಾದ್ರೂ ಕೊಡಿ” ಎಂದು ಹೇಳಿ ಒಳಗೆ ಹೋದವರು ಕಾರು ಹೊರಡುವವರೆಗೂ ಹೊರಗೆ ಬರಲಿಲ್ಲ.

ಚಿಕ್ಕಮ್ಮ ಚಹಾ ತಂದುಕೊಟ್ಟರು. ಅದನ್ನು ಕುಡಿಯುತ್ತ ಮುದುಕರು ಕಟ್ಟೆಯ ಮೇಲಿನ ಹೂ ಯಾರಿಟ್ಟದ್ದೆಂದು ಕೇಳಿದರು. ಚಿಕ್ಕಪ್ಪನ ನಂಬಿಕೆಯ ಕತೆಯನ್ನು ಡಾಬಿನ ಸಮೇತ ಹೇಳಿದೆ. ಅವರು ಲೋಟವನ್ನು ಹೂವಿನ ಪಕ್ಕ ಇಟ್ಟರು. ಆಮೇಲೆ ಮೆಲ್ಲಗೆ, “ನಮ್ಮೂರಿನಲ್ಲಿ ಈ ಹೆಸರು ಹೇಳಿದರೆ ಕೊನೆಯ ‘ಬಾಟಮ್’ ಕೇಳಿ ಮಕ್ಕಳು ನಗುತ್ತಾರೆ. ಮುತ್ತಜ್ಜನ ನೆನಪು ಯಾರಿಗೂ ಇಲ್ಲ, ನನ್ನ ನಂತರ ಮನೆಯಲ್ಲಿ ಈ ಹೆಸರಿನವರೂ ಇಲ್ಲ. ನಿಮ್ಮ ಚಿಕ್ಕಪ್ಪ ಅವನನ್ನು ಇಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ. ಇನ್ನು ಮುಂದೆಯೂ ಅವನು ನಿಮ್ಮ ರಾಮಭಟ್ಟನಾಗಿಯೇ ಇರಲಿ” ಎಂದರು.

ಈಗಲೂ ಚಿಕ್ಕಪ್ಪ ಸ್ಟಾಪಿನಲ್ಲಿ ಬಂದು ಕೂರುತ್ತಾರೆ. ಬಸ್ಸು ಎಷ್ಟೇ ತಡವಾದರೂ ಬಾಯಿ ಬಿಡುವುದಿಲ್ಲ. ಯಾರಾದರೂ ಬಾವಿಯ ಕತೆ ಕೇಳಿದರೆ, “ನಂಗೊತ್ತಿಲ್ಲ, ನಮ್ಮ ಮೇಷ್ಟ್ರನ್ನ ಕೇಳಿ” ಎನ್ನುತ್ತಾರೆ. ಕಟ್ಟೆಯ ಮೇಲೆ ಹೂವಿಲ್ಲ. ಮುದುಕರು ಆಡಿದ ಮಾತನ್ನು ಒಂದು ಪದವೂ ಬಿಡದೆ ನಾನು ಎಷ್ಟೋ ಸಲ ಚಿಕ್ಕಪ್ಪನಿಗೆ ಒಪ್ಪಿಸಿದ್ದೇನೆ. ಅವರು ನನ್ನ ಬೆನ್ನು ತಟ್ಟಿ, “ಇರ್ಲಿ ತಮಾ, ನೀ ಯನ್ನ ಸಮಾಧಾನಕ್ಕೆ ಹೇಳ್ತೆ, ಗೊತ್ತಿದ್ದು” ಎನ್ನುತ್ತಾರೆ. ಸರ್ಕಾರದ ದುಡ್ಡೆಂದಾಗ ಮರುಮಾತಿಲ್ಲದೆ ನಂಬಿದವರು ಇದೊಂದನ್ನು ನಂಬುತ್ತಿಲ್ಲ. ಇಷ್ಟು ಒಳ್ಳೆಯ ಮಾತು ನನ್ನ ಬಾಯಿಂದ ಬಂದಿದೆಯೆಂದರೆ ಅದು ಸುಳ್ಳೇ ಇರಬೇಕು ಎಂಬುದು ಅವರ ಎಣಿಕೆ.