ಅನ್ಯಗ್ರಹದ ಹುಚ್ಚು, ಪುಣೆಯ ಬೆವರು

ಬಾಹ್ಯಾಕಾಶದ ಕಥೆ, ಕಾಮಿಕ್ಸ್, ನಗೆಬರಹ ಇವುಗಳ ಹುಚ್ಚು ಹತ್ತಿದ ಪ್ರೋಗ್ರಾಮರ್ ಒಬ್ಬ ಪುಣೆಯಲ್ಲಿ ಸಂಸಾರ ಹೂಡಿದರೆ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ನಗು ಬರುವುದು ಆಮೇಲೆ. ಆ ಹೊತ್ತಿಗೆ ಬರುವುದು ಬರೀ ಬೆವರು.

ಟಿಕೆಟ್ ಇಲ್ಲದ ಪ್ರಯಾಣ

ಹೆಣ್ಣು ನೋಡಲು ಅಮ್ಮನ ಜೊತೆ ಪುಣೆ ಹತ್ತಿರದ ದೌಂಡಿಗೆ ಹೋಗಿದ್ದೆ. ಹುಡುಗಿಯ ಅಪ್ಪ ಕಲಬುರಗಿ ಕಡೆಯವರು, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಎದುರಿಗೆ ಕೂತವರನ್ನೆಲ್ಲ ಟಿಕೆಟ್ ಇಲ್ಲದವರಂತೆ ನೋಡುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಹುಡುಗಿ ನನಗೆ ನೋಡಿದ ಕೂಡಲೇ ಒಪ್ಪಿಗೆಯಾಗಿದ್ದಳು. ಹಾಗಾಗಿ ಭಯ ಇನ್ನೂ ಜಾಸ್ತಿ.

“ಏನರೆ ಚಟ ಅದ ಏನ್ರಿ?” ಎಂದರು.

“ಕಥೆ ಓದ್ತೀನಿ ಸರ್. ಮನುಷ್ಯರು ಯಂತ್ರದಲ್ಲಿ ಕೂತು ಹಿಂದಿನ ಕಾಲಕ್ಕೆ ಹೋಗೋ ಥರದ್ದು. ನಿನ್ನೆಗೆ, ಮೊನ್ನೆಗೆ…”

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ನಮ್ಮಮ್ಮ ಆಗಲೇ ಸೆರಗು ಸರಿಮಾಡಿಕೊಂಡು ಏಳುವ ತಯಾರಿಯಲ್ಲಿದ್ದರು.

“ನಿನ್ನಿಗೆ ಹೋಗವನ ಕೈಯಾಗ ಇವತ್ತಿನ ಟಿಕೆಟ್ ಇರ್ತದ. ಅದು ಹ್ಯಾಂಗ ನಡೀತದ್ರಿ?”

ಬಾಗಿಲ ಬಳಿ ನಿಂತಿದ್ದ ಹುಡುಗಿಯೇ ಉತ್ತರ ಕೊಟ್ಟಳು: “ಅಪ್ಪಾ, ಅವರು ಗಾಡಿ ಹತ್ತೂಕಿನ್ನ ಮೊದಲೇ ಊರು ಮುಟ್ಟಿರ್ತಾರ. ನೀವು ಟಿಕೆಟ್ ಕೇಳೂದು ಯಾರಿಗೆ?”

ಅವರು ನಮ್ಮಮ್ಮನ ಕಡೆ ತಿರುಗಿದರು. “ಕೂಡ್ರಿ, ಅವ್ವಾರ. ಇವರಿಬ್ಬರನ್ನೂ ಒಂದ ರೈಲ್ ಡಬ್ಬಿಗೆ ಹಾಕಿಬಿಡೋಣು.”

ವಡೆಗಿಂತ ಹಾಳೆ ರುಚಿ

ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಹೆಂಡತಿ ಹೇಳಿದಳು: “ರೀ, ಹಳೇ ಪೇಪರ್ ಎಲ್ಲಾ ರದ್ದಿಗೆ ಹಾಕಿದೆ. ಮನಿ ಭಾಳ ಹಗುರಾತು.” ಮಂಚದ ಕೆಳಗೆ ಬಗ್ಗಿ ನೋಡಿದೆ. ಶಾಲೆಯ ದಿನಗಳಿಂದ ಕೂಡಿಟ್ಟ ಹಿಂದಿ ಕಾಮಿಕ್ಸ್ ಗಂಟಿಲ್ಲದೆ ಅಲ್ಲೂ ಹಗುರಾಗಿತ್ತು!

ಚಪ್ಪಲಿ ಮೆಟ್ಟದೆ ಓಡಿದೆ. ರದ್ದಿ ಅಂಗಡಿಯವನು ಗಂಟು ಬಿಚ್ಚಿ, ಒಂದು ಪುಸ್ತಕ ಹಿಡಿದು ಕೂತಿದ್ದ. ಪಕ್ಕದ ವಡಾಪಾವ್ ಗಾಡಿಗೆ ಕೆಲವು ಹಾಳೆ ಆಗಲೇ ಹೋಗಿದ್ದವು. ಕೈ ಚಾಚಿದರೆ ಮರಾಠಿಯಲ್ಲಿ ಗದರಿದ: “ತಡೀರಿ ಸಾಹೇಬ್! ಈ ಹೀರೋ ಬಾವಿಗೆ ಬಿದ್ದಿದ್ದಾನೆ. ಮೇಲೆ ಬರಲಿ, ಕೊಡ್ತೀನಿ.”

ಪುಟ ತಿರುಗಿಸಿದ. ಕೊನೆಯ ಹಾಳೆಯೇ ಇಲ್ಲ. ವಡಾಪಾವ್ ಗಾಡಿಯವನು ಕೈ ತೋರಿದ ಕಡೆಗೆ ಅಂಗಡಿ ಬಿಟ್ಟು ರದ್ದಿಯವನು ಮುಂದೆ, ಬರಿಗಾಲಲ್ಲಿ ನಾನು ಹಿಂದೆ. ರಸ್ತೆಯ ತಿರುವಿನಲ್ಲಿ ಒಬ್ಬ ಅಜ್ಜ ಎಣ್ಣೆ ಮೆತ್ತಿದ ಹಾಳೆಯನ್ನು ಕಣ್ಣಿಗೆ ಹಿಡಿದು ನಿಂತಿದ್ದರು. ಏದುಸಿರು ಬಿಡುತ್ತ ವಿಷಯ ಹೇಳಿದೆವು.

ಅಜ್ಜ ಹಾಳೆ ಬಿಡಲಿಲ್ಲ. “ವಡೆ ಬೇಕಾದ್ರೆ ತಗೊಳ್ಳಿ. ಇದರ ಹಿಂದಿನ ಪುಟಗಳು ಯಾರ ಹತ್ರ ಇವೆ, ಅದನ್ನ ಮೊದಲು ಹೇಳಿ!”

ಶರಣಾಗಿ!

ಪುಣೆಯ ಹೊರಗಿನ ರಾಂಜಣಗಾಂವದ ಕಾರ್ಖಾನೆಯೊಂದಕ್ಕೆ ನಾವು ಮಾಡಿಕೊಟ್ಟ ಸಾಫ್ಟ್‌ವೇರ್ ತೋರಿಸುವ ದಿನ. ಅವರು ಬೇಡ ಅಂದರೆ ನಮ್ಮ ತಂಡವನ್ನೇ ಮುಚ್ಚುತ್ತಾರೆ ಎಂಬ ಸುದ್ದಿ ಬೇರೆ. ನಮ್ಮ ಮ್ಯಾನೇಜರು ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

ಕಾರ್ಖಾನೆಯ ಮುಖ್ಯಸ್ಥರು ನಗದ ಮನುಷ್ಯ. ಎಲ್ಲ ನೋಡಿದರು. ಎಲ್ಲಕ್ಕೂ ‘ಹೂಂ’ ಅಂದರು. ನಾವು ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ತಾವೇ ಕೂತು ಅಂಕಿ ಹಾಕುವ ಜಾಗದಲ್ಲಿ ತಮ್ಮ ಹೆಸರು ಟೈಪ್ ಮಾಡಿದರು. ಗೋಡೆಯಗಲದ ಪರದೆಯ ಮೇಲೆ ಕೆಂಪು ಅಕ್ಷರ ಎದ್ದವು: ‘ಭೂಮಿಯ ಪ್ರಾಣಿಯೇ, ನಿನ್ನ ಗ್ರಹ ಈಗ ನಮ್ಮದು. ಶರಣಾಗು!’

ತಪ್ಪು ಹೊಡೆದರೆ ಎಚ್ಚರಿಕೆ ಬರುತ್ತದೋ ಇಲ್ಲವೋ ನೋಡಲು ನಾನು ತುಂಬಿಸಿದ್ದ ಸಾಲು. ಅಳಿಸಿದ್ದೇನೆ ಅಂದುಕೊಂಡಿದ್ದೆ. ಮ್ಯಾನೇಜರು ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳಿನ ಗುರುತು ಮೂಡಿತು.

ಮುಖ್ಯಸ್ಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಕೆಳಗಿದ್ದ ಒಂದೇ ಒಂದು ‘ಓಕೆ’ ಬಟನ್ನಿನ ಮೇಲೆ ಬೆರಳಿಟ್ಟರು.

“ಶರಣಾಗೋಕೆ ಇದೊಂದೇ ಇದೆ. ನನಗೆ ಶರಣಾಗೋ ಮನಸ್ಸಿಲ್ಲ. ಕ್ಯಾನ್ಸಲ್ ಎಲ್ಲಿ?”

ನಮ್ಮ ಮ್ಯಾನೇಜರು ಎದ್ದು ನಿಂತು ಹೇಳಿದರು:

“ಮುಂದಿನ ವರ್ಷನ್‌ನಲ್ಲಿ ಕೊಡ್ತೀವಿ ಸರ್. ಅಲ್ಲಿವರೆಗೆ ದಯವಿಟ್ಟು ಶರಣಾಗಿ.”