ಮೊರಬಕ್ಕೆ ಇನ್ನೂ ಪೇಪರ್ ಯಾಕೆ ಬರುತ್ತದೆ

ಊರಲ್ಲಿ ಪೇಪರ್ ಏಜೆಂಟ್ ಆದವನು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಅದು ಮುಂಜಾನೆ ಬಂಡಲ್ ಬರುವ ಮೊದಲೇ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತಿರುತ್ತದೆ. ನಮ್ಮ ಮೊರಬದಲ್ಲಿ ನಾನು ಪೇಪರ್ ಹಾಕಲು ಶುರು ಮಾಡಿದಾಗ ಬಸ್ಸಿನಿಂದ ಬಂಡಲ್ ಇಳಿಸಲು ಇಬ್ಬರು ಬೇಕಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅದು ಬಗಲಲ್ಲಿ ಹಿಡಿಯುವಷ್ಟಾಯಿತು. ಹೋದ ವರ್ಷ ಆಫೀಸಿನವರು ಫೋನ್ ಮಾಡಿ, ಕಾಪಿ ಇನ್ನೂ ಇಳಿದರೆ ಬಂಡಲ್ ನವಲಗುಂದದಲ್ಲೇ ನಿಲ್ಲುತ್ತದೆ, ಮುಂದೆ ಬರುವುದಿಲ್ಲ ಎಂದರು. ಹೊಸ ಪೇಪರಿನ ವಾಸನೆ ಇಲ್ಲದೆ ನನಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ.

ಖರೆ ಸುದ್ದಿ

ಮೊದಲು ಪೇಪರ್ ಬಿಟ್ಟವರು ಗೌಡರು. ಎಲ್ಲಾ ಮೊಬೈಲಿನಲ್ಲೇ ಬರುತ್ತದೆ, ಇನ್ನು ಬೇಡ ಎಂದರು. ಗೌಡರು ಬಿಟ್ಟರೆಂದು ಅವರ ಓಣಿಯೂ ಬಿಟ್ಟಿತು. ಮರುದಿನದಿಂದ ಅದೇ ಗೌಡರು ದಿನಾ ನನ್ನ ಅಂಗಡಿಗೆ ಬಂದು, ಮಾರಾಟಕ್ಕೆ ಇಟ್ಟ ಪೇಪರನ್ನೇ ಬಿಚ್ಚಿ, ಕಡಲೆ ದರದಿಂದ ಹಿಡಿದು ಟೆಂಡರ್ ಪ್ರಕಟಣೆಯವರೆಗೆ ಒಂದಕ್ಷರ ಬಿಡದೆ ಓದತೊಡಗಿದರು. ತಡೆಯಲಾರದೆ ಒಂದು ದಿನ, ಮನೆಯಲ್ಲಿ ಮೊಬೈಲಿನಲ್ಲಿ ಓದಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಓದೇನಲ್ಲೋ. ಅದು ಖರೆ ಹೌದಿಲ್ಲೋ ಅಂತ ನೋಡಾಕ ಬಂದೇನಿ" ಎಂದರು.

ಮೊದಲ ಪುಟ

ಕಾಲ ಬಂದಂತೆ ಕೋಲ ಕಟ್ಟಬೇಕಲ್ಲ. ಊರಿನ ವಾಟ್ಸಾಪ್ ಗ್ರೂಪಿಗೆ ನಾನೂ ದಿನಾ ಮೊದಲ ಪುಟದ ಫೋಟೋ ಹಾಕತೊಡಗಿದೆ. ಅದನ್ನು ನೋಡಿ ಆಸೆಯಾಗಿ ಒಳಗಿನ ಪುಟಕ್ಕಾಗಿ ಪೇಪರ್ ಕೊಳ್ಳುತ್ತಾರೆ ಎಂಬ ಭ್ರಮೆ ನನ್ನದು. ಬುದ್ಧಿವಂತ ನಾನೇ ಎಂದು ಬೀಗುತ್ತಿರುವಾಗ, ಎಂದೂ ಪೇಪರ್ ಬಿಡದ ಕಿರಾಣಿ ಅಂಗಡಿಯ ಕಾಕಾ ಕೂಡ ಬಿಟ್ಟರು. ಒಂದು ಮುಂಜಾನೆ ಅವರದೇ ಫೋನ್. ಇವತ್ತು ಫೋಟೋ ಯಾಕೆ ತಡವಾಯಿತು ಎಂದು ಜಬರಿಸಿದರು. ರೂಢಿಯಂತೆ, ಬಸ್ಸು ತಡವಾಯಿತು ಎಂದು ಕ್ಷಮೆ ಕೇಳಿದೆ.

"ಆತು ಬಿಡ್ರಿ. ನಾಳಿಂದ ಒಳಗಿನ ಪುಟಾನೂ ಹಾಕ್ರಿ. ಮತ್ತ ಸ್ವಲ್ಪ ನೀಟ ಹಿಡೀರಿ, ನಿನ್ನೆ ನಿಮ್ಮ ನೆರಳು ಬಿದ್ದು ಅರ್ಧ ಸುದ್ದಿ ಕಂಡಿಲ್ಲ."

ಹಲಗಿ

ನನ್ನಂತೆಯೇ ಕಸುಬು ಕೆಟ್ಟವನು ಊರಿನ ಡಂಗುರದವನು. ಪಂಚಾಯಿತಿಯವರು ತಮ್ಮದೇ ಗ್ರೂಪ್ ಮಾಡಿ, ಇನ್ನು ಹಲಗಿ ಬಾರಿಸುವುದು ಬೇಡ ಎಂದಿದ್ದರು. ಆಮೇಲೆ ಒಮ್ಮೆ ಕುಡಿಯುವ ನೀರು ಬಿಡುವ ಹೊತ್ತು ಬದಲಾಯಿತು. ಅದನ್ನು ಗ್ರೂಪಿಗೆ ಹಾಕಿದರು. ಬೆಳಗಾಗುವುದರೊಳಗೆ ಶುಭೋದಯದ ಹೂವು, ಹಕ್ಕಿ, ದೇವರ ಫೋಟೋಗಳ ಅಡಿಗೆ ಅದು ಹೂತುಹೋಗಿ ಒಬ್ಬರೂ ನೋಡಲಿಲ್ಲ. ನೀರು ಬಂದು ಹೋಯಿತು. ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯಿತಿಗೆ ನುಗ್ಗಿದ ಮೇಲೆ ಡಂಗುರದವನಿಗೆ ಮತ್ತೆ ಕರೆ ಹೋಯಿತು. ಅವನು ನನ್ನ ಅಂಗಡಿಯ ಮುಂದೆಯೇ ಹಲಗಿ ಬಾರಿಸಿ ಕೂಗಿದ: "ಕೇಳ್ರಪೋ ಕೇಳ್ರಿ, ನೀರು ಯಾವಾಗ ಬಿಡ್ತಾರಂತ ಗ್ರೂಪಿನ್ಯಾಗ ಹಾಕ್ಯಾರ, ಫೋನ್ ತಗದು ನೋಡ್ರಪೋ."

ಹೊತ್ತನ್ನೇ ಹೇಳಿಬಿಡಬಾರದೇನೋ ಎಂದೆ.

"ನಂಗ ಇಷ್ಟ ಹೇಳಂದಾರ್ರಿ. ಹೊತ್ತು ಗೊತ್ತಾಗಾಕ ನನ್ನ ಹತ್ರ ಫೋನ್ ಎಲ್ಲೈತ್ರಿ?"

ಹೆಬ್ಬೆರಳು

ಆಫೀಸಿನಿಂದ ಮತ್ತೆ ಫೋನ್ ಬಂತು. ಈ ತಿಂಗಳೇ ಕಡೆ ಎಂದರು. ಗೌಡರಿಗೆ ಹೇಳಿದೆ. ಅಯ್ಯೋ ಪಾಪ ಎಂದು, ಪುಕ್ಕಟೆ ಪೇಪರಿನ ಮುಂದಿನ ಪುಟ ತಿರುಗಿಸಿದರು. ನಿಜಕ್ಕೂ ಅಳು ಬಂದಿತ್ತು ನನಗೆ.

ಅದೇ ವಾರ ಗೌಡರ ತಾಯಿಯ ಭಜನೆಯ ಗೆಳತಿಯೊಬ್ಬಳು ತೀರಿಕೊಂಡಳು. ಮನೆಯವರು ಆಕೆಯ ಫೋಟೋ ಗ್ರೂಪಿಗೆ ಹಾಕಿದರು. ಗೌಡರು ಅದನ್ನು ತಾಯಿಗೆ ತೋರಿಸಿದರು. ಊರೆಲ್ಲ ಆಯಿ ಎಂದು ಕರೆಯುವ ಆ ಮುದುಕಿ ಫೋಟೋ ನೋಡಿ ಕಣ್ಣೊರೆಸಿಕೊಂಡು, ಕೆಳಗೆ ಸಾಲಾಗಿ ನಿಂತ ಹೆಬ್ಬೆರಳುಗಳು ಏನು ಎಂದು ಕೇಳಿದಳು. ಛಲೋ ಆತು ಅಂತ ಅರ್ಥ ಎಂದುಬಿಟ್ಟರು ಗೌಡರು.

"ಸತ್ತದ್ದು ಛಲೋ ಆತಂತಾರೇನು?" ಆಯಿ ಕೆಂಡವಾದಳು. ಹಾಗಲ್ಲ, ನೋಡಿದೆವು ಅಂತ ಎಂದು ಗೌಡರು ಎಷ್ಟು ತಿಪ್ಪೆ ಸಾರಿಸಿದರೂ ಕೇಳಲಿಲ್ಲ. "ನಿಮ್ಮಪ್ಪಂದು ಪೇಪರಿನ್ಯಾಗ ಬಂದಿತ್ತು. ನಂದೂ ಅದರಾಗ ಬರಬೇಕು. ನಾ ಹೋಗೂತನಾ ಊರಿಗೆ ಪೇಪರ್ ನಿಲ್ಲಬಾರದು, ನೋಡು."

ಆಯಿಯ ಗಂಡನ ನಿಧನದ ಸುದ್ದಿಯ ತುಣುಕು ಕಟ್ಟು ಹಾಕಿಸಿಕೊಂಡು ಆ ಮನೆಯ ಜಗಲಿಯಲ್ಲಿ ಇಂದಿಗೂ ತೂಗುತ್ತಿದೆ. ಭಜನೆಯ ಮುದುಕಿಯರೆಲ್ಲ ತಮ್ಮ ತಮ್ಮ ಮಕ್ಕಳಿಗೆ ಅದೇ ಹಟ ಹಿಡಿದರು. ತಿಂಗಳು ಮುಗಿಯುವುದರೊಳಗೆ ಬಂಡಲ್ ಮತ್ತೆ ದಪ್ಪಗಾಯಿತು. ಇದೆಂಥ ಸ್ಕೀಮ್ ಮಾಡಿದಿರಿ ಎಂದು ಆಫೀಸಿನವರು ಕೇಳಿದರು. ಊರ ಹಿರಿಯರ ಆಶೀರ್ವಾದ ಎಂದೆ.

ಈಗ ಮೊದಲ ಪೇಪರ್ ಗೌಡರ ಮನೆಗೇ. ಆಯಿಯ ಆರೋಗ್ಯ ನನ್ನಷ್ಟು ಕಾಳಜಿಯಿಂದ ಕೇಳುವವರು ಊರಲ್ಲೇ ಇಲ್ಲ, ಮೊನ್ನೆ ಎರಡು ಸಲ ಕೆಮ್ಮಿದ್ದಕ್ಕೆ ಶುಂಠಿ ಒಯ್ದು ಕೊಟ್ಟೆ. ಆಯಿಗೆ ಓದು ಬರುವುದಿಲ್ಲ. ಚಷ್ಮಾ ಏರಿಸಿ ನಿಧನದ ಪುಟದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾಳೆ. ಆಮೇಲೆ ಪೇಪರ್ ಮಡಚಿ, ಸಮಾಧಾನದಿಂದ ನನಗೆ ಹೇಳುತ್ತಾಳೆ:

"ಇವತ್ತೂ ನಂದು ಬಂದಿಲ್ಲಪಾ. ನಾಳೆ ಮತ್ತ ತಗೊಂಡು ಬಾ, ನೋಡೂಣು."