ಲಕ್ಷ್ಮೀನರಸಪ್ಪನ ಅಪ್ಪುಗೆ

ಮಗ ಚಿರಂಜೀವಿಗೆ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತೆಂಬ ಸುದ್ದಿ ಬಂದಾಗ ಲಕ್ಷ್ಮೀನರಸಪ್ಪನ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆಯಿತ್ತು. ಅದನ್ನಿಳಿಸಿ ಮಗನನ್ನು ಅಪ್ಪಿಕೊಳ್ಳೋಣ ಎನ್ನುವಷ್ಟರಲ್ಲಿ ಅವನು ಕಾಲಿಗೆ ನಮಸ್ಕಾರ ಮಾಡಿ, ಸ್ವೀಟು ತರಲು ಮಡಕಶಿರಕ್ಕೆ ಬೈಕು ಹತ್ತಿಯಾಗಿತ್ತು. ಮೀಸೆ ಬಂದ ಮೇಲೆ ಆ ಮಗನನ್ನು ಅಪ್ಪ ಒಮ್ಮೆಯೂ ತಬ್ಬಿಕೊಂಡಿರಲಿಲ್ಲ. ಇವತ್ತು ತಬ್ಬಿಕೊಳ್ಳಲೇಬೇಕೆಂದು ಜೀವ ಒದ್ದಾಡಿತು.

ಸಂತೋಷ ತಡೆಯಲಾರದೆ, ಟೀ ಅಂಗಡಿ ಮುಂದೆ ಸಿಕ್ಕ ಗೆಳೆಯ ಮಾರೇಶನನ್ನೇ ಗಬಕ್ಕನೆ ತಬ್ಬಿಕೊಂಡುಬಿಟ್ಟ. ಕಣ್ಣಲ್ಲಿ ನೀರು ಬೇರೆ.

ಆ ಊರಿನಲ್ಲಿ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದು ಸಾವಿನ ಮನೆಯ ಮುಂದೆ ಮಾತ್ರ. ಮಾರೇಶ ಗೊಳೋ ಎಂದ.

“ಯಾವಾಗ ಹೋದ್ಲೋ ನಿಮ್ಮಮ್ಮ?”

ಆ ಮನೆಯಲ್ಲಿ ಸಾಯುವ ವಯಸ್ಸಿನವಳೆಂದರೆ ತಾಯಿ ಎರ್ರಮ್ಮ ಒಬ್ಬಳೇ. ಅವಳು ಹಿಂದಿನ ದಿನವಷ್ಟೇ ಗುಂಡುಕಲ್ಲಿನ ಹಾಗೆ ಪಕ್ಕದೂರಿನ ಮಗಳ ಮನೆಗೆ ಹೋಗಿದ್ದಳು.

“ಏಯ್, ಅವ್ಳಿಗೇನಾಗೈತೆ? ಚೆನ್ನಾಗೇ ಅವ್ಳೆ!”

“ಪಾಪ, ದುಃಖಕ್ಕೆ ತಲೆ ನಿಲ್ತಿಲ್ಲ,” ಎಂದು ಟೀ ಅಂಗಡಿಯ ಅಂಬಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು.

ಲಕ್ಷ್ಮೀನರಸಪ್ಪ ತಂಗಿಗೆ ಫೋನು ಮಾಡಿದ. ಅವಳು ಎತ್ತಲಿಲ್ಲ.

“ಹೆಣದ ಮುಂದೆ ಕುಂತೋಳು ಫೋನ್ ಎತ್ತಾಳಾ?” ಎಂದ ಮಾರೇಶ. ಊರಿಗೆ ಅಷ್ಟು ಸಾಕಾಯಿತು.

ನೋಡನೋಡುತ್ತ ಮನೆ ಮುಂದೆ ಶಾಮಿಯಾನ ಎದ್ದಿತು, ತಮಟೆಯವರು ಬಂದರು. ಗಂಡಸರು ಸಾಲಾಗಿ ಬಂದು ಲಕ್ಷ್ಮೀನರಸಪ್ಪನನ್ನು ತಬ್ಬಿದರು. ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಬೀಡಿ ವಾಸನೆಯ ಇನ್ನೊಂದು ಎದೆ ಬಂದು ಬಾಯಿ ಮುಚ್ಚಿಸುತ್ತಿತ್ತು.

ಅಷ್ಟರಲ್ಲಿ ಚಿರಂಜೀವಿ ಬೈಕನ್ನು ಬೀದಿಯಲ್ಲೇ ಕೆಡವಿ ಓಡಿಬಂದ. “ಅಪ್ಪಾ!” ಎಂದು ಬಿಗಿಯಾಗಿ ತಬ್ಬಿಕೊಂಡ. “ಅಜ್ಜಿ ಹೋದ್ರೇನಪ್ಪ, ನಾನಿಲ್ವಾ ನಿಂಗೆ?”

ನಿಜ ನಾಲಗೆಯ ತುದಿಗೆ ಬಂತು. ಹೇಳಿದರೆ ಮಗ ಬಿಟ್ಟುಬಿಡುತ್ತಾನೆ. ಲಕ್ಷ್ಮೀನರಸಪ್ಪ ಅದನ್ನು ನುಂಗಿಕೊಂಡು ಮಗನ ಬೆನ್ನು ಸವರತೊಡಗಿದ. ಹುಟ್ಟಿದಾಗಿನಿಂದ ಅವನಿಗೆ ಇಷ್ಟು ಸುಖವಾಗಿರಲಿಲ್ಲ.

ಆಟೋ ಬಂದು ನಿಂತಿತು. ಹೆಣ ಬಂತೆಂದು ತಮಟೆ ಜೋರಾಯಿತು. ಇಳಿಸಿಕೊಳ್ಳಲು ಹೋದ ಮಾರೇಶನ ಕೈ ತಳ್ಳಿ ಎರ್ರಮ್ಮ ತಾನೇ ಇಳಿದಳು. ಎಲೆಅಡಿಕೆ ಉಗಿದು ಸುತ್ತ ನೋಡಿದಳು.

“ಯಾರ್ಲಾ ಸತ್ತಿರೋದು?”

ತಮಟೆ ನಿಂತಿತು. ಚಿರಂಜೀವಿಯ ಹಿಡಿತ ಸಡಿಲವಾಯಿತು. ಲಕ್ಷ್ಮೀನರಸಪ್ಪ ಮಾತ್ರ ಬಿಡಲಿಲ್ಲ.

“ಇನ್ನೊಂಚೂರು ಹಿಂಗೇ ಇರೋ, ಮಗ.”

ಚಿರಂಜೀವಿ ನೆರೆದ ಜನರನ್ನು ನೋಡಿ ನಾಚಿ ಕೆಂಪಾದ. ಅಪ್ಪನ ಕೈಗಳನ್ನು ಒಂದೊಂದಾಗಿ ಬಿಡಿಸಿಕೊಂಡ.

“ಥೂ, ಬಿಡಪ್ಪಾ! ಅಜ್ಜಿ ಬದ್ಕೈತಲ್ಲ?”